ನಾಲ್ಕು ಅಂಗಿಯ ಕೊಟ್ರೇಶ

ಕೊಟ್ರೇಶನ ಕೋಣೆಯ ಗೋಡೆಗೆ ನಾಲ್ಕು ಗೂಟ, ನಾಲ್ಕು ಗೂಟಕ್ಕೆ ನಾಲ್ಕು ಅಂಗಿ. ಹಸಿರು ಅಂಗಿ ಚಿತ್ರ ಬರೆಯುವವನದು. ಕರಿ ಅಂಗಿ ಕಂಪ್ಯೂಟರಿಗೆ ಅದರ ಭಾಷೆಯಲ್ಲಿ ಬುದ್ಧಿ ಹೇಳುವವನದು. ಹಳದಿಯದು ಸದ್ದು ಹಿಡಿಯುವವನದು. ಬಿಳಿಯದು ಸಾಹೇಬರದು, ಬಂದ ಪತ್ರ ಓದುವುದು, ಉತ್ತರ ಬರೆಯುವುದು, ಗಿರಾಕಿಗಳ ಬೈಗುಳ ತಿನ್ನುವುದು ಅವರ ಪಾಲು. ಈ ನಾಲ್ವರೂ ಒಬ್ಬನೇ. ಹೊಸಪೇಟೆಯ ಕಾಲುವೆ ಪಕ್ಕದ ಓಣಿಯಲ್ಲಿ, ನನ್ನ ಹೊಲಿಗೆ ಅಂಗಡಿಯ ಮೇಲಿನ ಕೋಣೆಯಲ್ಲಿ ಕೂತು, ಅವನು ವಿಡಿಯೋ ಗೇಮ್ ಮಾಡಿ ಮಾರುವ ಕಂಪನಿ ನಡೆಸುತ್ತಿದ್ದ. ಮಾಲೀಕ, ಕೆಲಸಗಾರ, ಕಸ ಹೊಡೆಯುವವ ಎಲ್ಲ ಅವನೇ. ನಾಲ್ಕೂ ಅಂಗಿ ಹೊಲಿದವಳು ನಾನು.

ನಮ್ಮ ಯಜಮಾನರು ಹೋದ ಮೇಲೆ ಅವರ ಮಿಷಿನ್ನು, ಕತ್ತರಿ, ಅಳತೆ ಪುಸ್ತಕ ಮೂರೂ ನನಗೆ ಬಂದವು. ಅವರ ಚಟವೊಂದೂ ಬಂತು. ಯಾರು ಬಟ್ಟೆ ಕೇಳಿದರೂ "ನಾಳೆ ಬರ್ರಿ" ಅನ್ನುವುದು. ಆಗಿದ್ದರೂ ನಾಳೆ, ಆಗದಿದ್ದರೂ ನಾಳೆ. ಕೊಟ್ರೇಶ ಇದನ್ನು ಬೇಗ ಕಂಡುಕೊಂಡ. "ನಾಳೆ ಅಂದವನ ಮನಿ ಹಾಳು ಅಂತಾರ. ನಿಮ್ಮ ಅಂಗಡಿ ಮಾತ್ರ ನಾಳೆ ಮ್ಯಾಲ ಮಸ್ತ್ ನಡದೈತಿ ನೋಡಕ್ಕ," ಎಂದು ನಗುತ್ತಿದ್ದ.

ಮೊದಲ ಸಲ ನಾಲ್ಕು ತುಂಡು ಬಟ್ಟೆ ತಂದು ಮೇಜಿನ ಮೇಲಿಟ್ಟಾಗ, "ಮದುವಿ ಗೊತ್ತಾತೇನಪ್ಪಾ?" ಎಂದು ಕೇಳಿದ್ದೆ.

"ಮದುವಿ ಅಲ್ರಿ, ಆಳು ಇಟ್ಕೊಳ್ಳಾಕ ಹತ್ತೀನಿ. ಒಬ್ಬನ ಕುಂತು ಎಲ್ಲಾ ಮಾಡಿದ್ರ ತಲಿ ಕಲಸತೈತಿ. ಬಣ್ಣ ಹಚ್ಚೋ ಹೊತ್ತಿನ್ಯಾಗ ಪತ್ರದ ಚಿಂತಿ, ಪತ್ರ ಬರಿಯೋ ಹೊತ್ತಿನ್ಯಾಗ ಸದ್ದಿನ ಚಿಂತಿ. ಅಂಗಿ ಬದ್ಲಿ ಮಾಡಿದ್ರ ಆಳು ಬದ್ಲಿ ಆದಂಗ."

ಇದನ್ನು ಅವನು ಅಪ್ಪನಿಂದ ಕಲಿತದ್ದು. ಅಪ್ಪ ದೋಣಿಮಲೈ ಗಣಿಯಲ್ಲಿದ್ದವರು. ಡ್ಯೂಟಿ ಮುಗಿಸಿ ಕ್ವಾರ್ಟರ್ಸಿಗೆ ಬಂದು ಕಂಪನಿ ಅಂಗಿಯನ್ನು ಗೂಟಕ್ಕೆ ಹಾಕಿದರೆ ಮುಗಿಯಿತು, ಗಣಿಯ ಸುದ್ದಿ ಬಾಯಲ್ಲಿ ಬರುತ್ತಿರಲಿಲ್ಲವಂತೆ. ಮೇಲಿನ ಸಾಹೇಬರೇ ಬಾಗಿಲಿಗೆ ಬಂದು ಕೇಳಿದರೂ, "ಅಂಗಿ ಹಾಕ್ಕೊಂಡಿಲ್ರಿ" ಎಂದು ಒಳಗೆ ಹೋಗುತ್ತಿದ್ದರಂತೆ. ಆ ಮನುಷ್ಯನಿಗೆ ಒಂದೇ ಅಂಗಿ, ಮಗನಿಗೆ ನಾಲ್ಕು.

ತಮಾಷೆ ಅಂದುಕೊಂಡಿದ್ದೆ. ತಮಾಷೆ ಆಗಿರಲಿಲ್ಲ. ಒಮ್ಮೆ ನನ್ನ ಅಂಗಡಿಯ ಬೋರ್ಡಿಗೆ ಒಂದು ಹೂವಿನ ಚಿತ್ರ ಬೇಕಾಗಿತ್ತು. ಮೆಟ್ಟಿಲು ಹತ್ತಿ ಹೋದೆ. ಕರಿ ಅಂಗಿ ಹಾಕಿಕೊಂಡು ಕೂತಿದ್ದ. ಕಣ್ಣು ಎತ್ತದೆ, "ಚಿತ್ರದವ ಇಲ್ಲಕ್ಕ. ನಾಳೆ ಬರ್ತಾನ," ಎಂದ. ನನ್ನ ಮಾತು ನನಗೇ ತಿರುಗಿಸಿದ್ದಕ್ಕೆ ಸಿಟ್ಟೂ ಬಂತು, ನಗುವೂ ಬಂತು. ಮರುದಿನ ಹಸಿರು ಅಂಗಿಯವನು ಕೆಳಗೆ ಬಂದು ಚೆಂದದ ದಾಸವಾಳ ಬರೆದುಕೊಟ್ಟ. ಸೋಮವಾರ ಬೆಳಿಗ್ಗೆ ಮಾತ್ರ ಬಿಳಿ ಅಂಗಿ. ವಾರದ ಪತ್ರವೆಲ್ಲ ಆಗಲೇ ತೆರೆಯಬೇಕು. ಉಳಿದ ದಿನ ಯಾರ ಪತ್ರ ಬಂದರೂ ಮುಟ್ಟುತ್ತಿರಲಿಲ್ಲ. "ದಿನಾ ಪತ್ರ ನೋಡಿದ್ರ ಆಟ ಮಾಡೋರು ಯಾರಕ್ಕ?" ಎನ್ನುತ್ತಿದ್ದ.

ಅವನು ಮಾಡುತ್ತಿದ್ದ ಆಟ ಹರಿಗೋಲಿನದು. ಹಂಪಿ ಇಷ್ಟು ಹತ್ತಿರ ಇಟ್ಟುಕೊಂಡು ಆನೆ, ಕುದುರೆ, ಯುದ್ಧ ಬಿಟ್ಟು ಹರಿಗೋಲು ಹಿಡಿದನಲ್ಲ ಎಂದು ಕಂಡವರೆಲ್ಲ ಬುದ್ಧಿ ಹೇಳಿದರು. ಇವನು ಕಂಪ್ಲಿಗೆ ಹೋಗಿ ಹೊಳೆದಂಡೆಯಲ್ಲಿ ಒಂದು ವಾರ ಹರಿಗೋಲಿನವರ ಜೊತೆ ಇದ್ದು, ಅಂಗೈಯೆಲ್ಲ ಬೊಬ್ಬೆ ಎಬ್ಬಿಸಿಕೊಂಡು ಬಂದ. "ಹಂಪಿಯಾಗ ತಿರುಗಸ್ತಾರ, ಕಂಪ್ಲಿಯಾಗ ದಾಟಸ್ತಾರ. ನನಗ ದಾಟಸೋದು ಬೇಕಾಗೈತಿ," ಎಂದ.

ಅರ್ಧ ಆದ ಆಟವನ್ನು ಅವನು ಆಟ ಗೊತ್ತಿದ್ದ ಹುಡುಗರಿಗೆ ತೋರಿಸುತ್ತಿರಲಿಲ್ಲ, ನನಗೆ ತೋರಿಸುತ್ತಿದ್ದ. ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟು, "ಒಂದೀಟು ದಾಟಸ್ರಿ ಅಕ್ಕ," ಎಂದ. ದಂಡೆಯಲ್ಲಿ ಗಂಟು ಹೊತ್ತ ಮುದುಕಿ, ಮೇಕೆ ಹಿಡಿದ ಒಬ್ಬ ಗಂಡಸು, ಬಸುರಿ ಹೆಂಗಸು, ಎಲ್ಲರೂ ಕಾಯುತ್ತಿದ್ದರು. ನಾನು ಗುಂಡಿ ಒತ್ತಿದಷ್ಟೂ ಹರಿಗೋಲು ಇದ್ದಲ್ಲೇ ಗಿರಗಿರ ತಿರುಗಿತು. ಮುದುಕಿ ನನ್ನ ಕಡೆಗೇ ನೋಡುತ್ತಿದ್ದಾಳೆ ಅನ್ನಿಸಿ ಬೆವತುಬಿಟ್ಟೆ.

"ಇದರಾಗ ಯಾರನ್ನೂ ಹೊಡಿಯೋದಿಲ್ಲೇನು?"

"ಇಲ್ರಿ."

"ಮತ್ತ ಗೆದ್ದಂಗ ಹೆಂಗ ಗೊತ್ತಾಗತೈತಿ?"

"ಈ ದಂಡ್ಯಾಗ ಯಾರೂ ಉಳೀಲಿಲ್ಲಂದ್ರ ಗೆದ್ದಂಗ. ಭಾಳ ಹೊತ್ತು ಕಾಯಿಸಿದ್ರ ಅವರ ಎದ್ದು ಹೊಕ್ಕಾರ. ಮತ್ತ ಬರಂಗಿಲ್ಲ."

ಅಷ್ಟು ಹೇಳಿದವನು ಮೇಜಿನ ಕೆಳಗೆ ಬಗ್ಗಿ ನೋಡಿದ. ನನಗೆ ಗೊತ್ತಿಲ್ಲದೆ ನನ್ನ ಕಾಲು ಮಿಷಿನ್ನು ತುಳಿಯುವ ಹಾಗೆ ನೆಲ ತುಳಿಯುತ್ತಿತ್ತು. ಅದನ್ನೇ ನೋಡುತ್ತ ಸುಮಾರು ಹೊತ್ತು ಕೂತ. ಆಮೇಲೆ ಇಡೀ ಆಟವನ್ನು ಬದಲಿಸಿದ. ಜೋರಾಗಿ ಒತ್ತಿದರೆ ಹರಿಗೋಲು ತಿರುಗುತ್ತದೆ, ಹೊಲಿಗೆ ಹಾಕುವಾಗಿನ ಹಾಗೆ ಒಂದೇ ಸಮ ಒತ್ತಿದರೆ ಮುಂದೆ ಹೋಗುತ್ತದೆ. ಹಳದಿ ಅಂಗಿ ಹಾಕಿಕೊಂಡು ಬಂದು ನನ್ನ ಮಿಷಿನ್ನಿನ ಸದ್ದನ್ನೂ ಹಿಡಿದುಕೊಂಡು ಹೋದ. ಆಟದಲ್ಲಿ ಹೊಳೆಯ ಮೇಲೆ ಮಳೆ ಬರುತ್ತದಲ್ಲ, ಅದು ನನ್ನ ಮಿಷಿನ್ನು. ಈ ಮಾತನ್ನು ಓಣಿಯಲ್ಲಿ ಎಷ್ಟು ಜನರಿಗೆ ಹೇಳಿದ್ದೇನೋ ಲೆಕ್ಕ ಇಲ್ಲ.

ಮೂರನೆಯ ವರ್ಷ ಹಸಿರು, ಕರಿ ಎರಡೂ ಹರಿದು ಹೊಸದು ಹೊಲಿಯಬೇಕಾಯಿತು. ಹಳೆಯ ಅಳತೆಯಲ್ಲೇ ಹೊಲಿಯಿರಿ ಅಂದ. ನಾನು ಕೇಳಲಿಲ್ಲ, ಟೇಪು ಹಿಡಿದೆ. ಎದೆ ಎರಡು ಇಂಚು ಇಳಿದಿತ್ತು. "ಹೊತ್ತಿಗೆ ಸರಿಯಾಗಿ ಉಣ್ತೀಯೋ ಇಲ್ಲೋ?" ಎಂದು ಗದರಿದೆ. "ಉಣ್ಣಾಕ ಒಂದು ಅಂಗಿ ಹೊಲಿಸಿಲ್ಲಕ್ಕ," ಎಂದು ಹಲ್ಲು ಕಿರಿದ. ಕೆಳಗೆ ಬಂದಾಗಲೆಲ್ಲ ನನ್ನ ಕೊಡದಿಂದ ಎರಡು ತಂಬಿಗೆ ನೀರು ಕುಡಿದು ಹೋಗುತ್ತಿದ್ದ. ಬಿಸಿಲೂರು, ನೀರಡಿಕೆ ಸಹಜ ಅಂದುಕೊಂಡೆ. ಪುಸ್ತಕದಲ್ಲಿ ಹಳೆಯ ಅಳತೆ ಹೊಡೆದುಹಾಕಿ ಹೊಸದನ್ನು ಬರೆದುಕೊಂಡೆ, ಅಷ್ಟೆ.

ಆ ವರ್ಷದ ಮದುವೆ ಕಾಲದಲ್ಲಿ ಬಿಳಿ ಅಂಗಿಯ ಕಾಲರ್ ಸವೆದುಹೋಯಿತು. ಸವೆದ ಕಾಲರನ್ನು ಬಿಚ್ಚಿ ತಿರುವಿ ಹೊಲಿದರೆ ಹೊಸದರಂತೆ ಆಗುತ್ತದೆ. ಅರ್ಧ ಗಂಟೆಯ ಕೆಲಸ. ಮಂಗಳವಾರ ತಂದುಕೊಟ್ಟು, "ಸೋಮವಾರಕ್ಕ ಬೇಕು," ಎಂದ. ನನ್ನ ಮೇಜಿನ ಮೇಲೆ ಕಂಪ್ಲಿಯ ರೈಸ್‌ಮಿಲ್ಲಿನವರ ಮನೆ ಮದುವೆಯ ಕುಪ್ಪಸಗಳ ರಾಶಿ ಬಿದ್ದಿತ್ತು. ಸೋಮವಾರ ಬಂದ, ನಾಳೆ ಅಂದೆ. ಮರುದಿನ ಬಂದ, ನಾಳೆ ಅಂದೆ. ಇನ್ನೊಂದು ಸೋಮವಾರವೂ ಹೋಯಿತು.

"ಬ್ಯಾರೆ ಅಂಗಿ ಹಾಕ್ಕೊಂಡು ನೋಡಬಾರದೇನಪ್ಪಾ ನಿನ್ನ ಪತ್ರ?" ಎಂದು ಕೇಳಿದೆ.

"ಸಾಹೇಬ್ರು ರಜಾದಾಗ ಅದಾರ ಬಿಡ್ರಿ," ಎಂದ.

ಇಬ್ಬರೂ ನಕ್ಕೆವು. ಮೂರು ವಾರ ತುಂಬಿದ ಮೇಲೆ ಕಾಲರ್ ತಿರುವಿ ಕೊಟ್ಟೆ. ಆ ಸೋಮವಾರ ಬಿಳಿ ಅಂಗಿ ಹಾಕಿಕೊಂಡು ಮೇಲೆ ಹೋದವನು ಒಂದು ತಾಸಿನ ಮೇಲೆ ಇಳಿದು ಬಂದು ಹೊಸ್ತಿಲಲ್ಲಿ ನಿಂತ. ಮುಖದಲ್ಲಿ ರಕ್ತವಿರಲಿಲ್ಲ. "ಏನಾತೋ?" ಎಂದೆ. ನೀರು ಕುಡಿದ. ತಂಬಿಗೆ ಕೆಳಗಿಟ್ಟು ಕೊರಳು ಮುಟ್ಟಿಕೊಂಡು, "ಏನಿಲ್ಲಕ್ಕ. ಕಾಲರ್ ಚಲೋ ಆಗೈತಿ," ಎಂದ.

ಮರುವರ್ಷ ಆಟ ಮುಗಿಸಿ ತಾನೇ ಬಿಡುಗಡೆ ಮಾಡಿದ. ಆ ದಿನ ಪೇಢಾ ತಂದು ಓಣಿಗೆಲ್ಲ ಹಂಚಿದ. ಆಮೇಲೆ ಹೇಳಿಕೊಳ್ಳುವಂಥದ್ದು ಏನೂ ಆಗಲಿಲ್ಲ. ಕೊಂಡವರು ಕೆಲವರು. ಯಾರೋ ಹರಿಗೋಲು ತಿರುಗಿ ತಲೆ ಸುತ್ತಿತು ಎಂದು ಬೈದರು. ಎಲ್ಲಿಯವನೋ ಒಬ್ಬ, ಮುದುಕಿಯನ್ನು ದಾಟಿಸುವಾಗ ಅಮ್ಮನ ನೆನಪಾಯಿತು ಎಂದು ಬರೆದ. ಅದನ್ನು ಕೆಳಗೆ ಬಂದು ನನಗೆ ಎರಡು ಸಲ ಓದಿ ಹೇಳಿದ. ಫೋನುಗಳು ಹೊಸದಾದಂತೆಲ್ಲ ಆಟ ಕೆಡುತ್ತಿತ್ತು. ಕರಿ ಅಂಗಿಯವನು ವರ್ಷವಿಡೀ ಅದನ್ನೇ ರಿಪೇರಿ ಮಾಡುತ್ತ ಕೂತ. ಹಸಿರು, ಹಳದಿ ಗೂಟದಿಂದ ಇಳಿಯಲೇ ಇಲ್ಲ. ಹೊಸ ಆಟ ಶುರು ಮಾಡಲು ಅವನಲ್ಲಿ ಆಳೂ ಇರಲಿಲ್ಲ, ಕಸುವೂ ಉಳಿದಿರಲಿಲ್ಲ.

ಕೊನೆಗೆ ಸಂಡೂರಿನಲ್ಲಿ ಅದಿರು ಲಾರಿಗಳ ತೂಕ ನೋಡುವ ಕೆಲಸಕ್ಕೆ ಸೇರಿಕೊಂಡ. ಯಶವಂತನಗರದಲ್ಲಿ ತಂಗಿ ಇದ್ದಳು, ಅವಳ ಮನೆಯ ಹತ್ತಿರವೇ ಕೋಣೆ ಹಿಡಿದ. ಮೇಲಿನ ಕೋಣೆಯ ಸಾಮಾನು ಆಮೇಲೆ ಒಯ್ದರಾಯಿತೆಂದು ಬಿಟ್ಟ. ಹೊರಡುವ ದಿನ ನಾಲ್ಕೂ ಅಂಗಿ ಸುತ್ತಿ ತಂದು ನನ್ನ ಮೇಜಿನ ಮೇಲಿಟ್ಟ.

"ಇವನ್ನ ಹರಿದು ಒಂದು ಕೌದಿ ಹೊಲದು ಕೊಡ್ರಿ ಅಕ್ಕ. ನಾಕೂ ಮಂದಿ ಒಂದಾ ಕಡೆ ಮಲಗಲಿ. ಅಲ್ಲಿ ಕಂಪನ್ಯಾಗ ಅವರ ಅಂಗಿ ಕೊಡ್ತಾರ."

"ಯಾವಾಗ ಬರ್ತಿ?"

"ನೀವು ಹೇಳಿದ ದಿನ ಅಲ್ಲ. ಹದಿನೈದು ದಿನ ಬಿಟ್ಟು ಐತವಾರ."

ಅವನು ಹೋದ ಎರಡು ದಿನಕ್ಕೆ ಅಂಗಿ ಬಿಚ್ಚಲು ಕೂತೆ. ಬಿಳಿಯದರ ಜೇಬಿನಲ್ಲಿ ನಾಲ್ಕಾಗಿ ಮಡಚಿದ ಕಾಗದ ಸಿಕ್ಕಿತು. ಇಂಗ್ಲಿಷಿನಲ್ಲಿತ್ತು. ಕಾಲೇಜಿಗೆ ಹೋಗುವ ನನ್ನ ತಂಗಿಯ ಮಗಳು ಸುಮಾ ಓದಿ ಹೇಳಿದಳು. ಕಂಪ್ಯೂಟರಿಗೆ ಬಂದ ಎರಡು ಪತ್ರ ಒಂದೇ ಹಾಳೆಯಲ್ಲಿ ಅಚ್ಚಾಗಿದ್ದವು. ಹೊರದೇಶದ ಯಾವುದೋ ದೊಡ್ಡ ಕಂಪನಿಯವರು ಅವನು ಇಂಟರ್ನೆಟ್ಟಿನಲ್ಲಿ ಹಾಕಿದ್ದ ಹರಿಗೋಲಿನ ಆಟದ ತುಣುಕು ನೋಡಿ ಮೆಚ್ಚಿದ್ದರು. ಆಟ ಮುಗಿಸಲು ಬೇಕಾದ ಜನ, ಖರ್ಚು ಎಲ್ಲ ನಾವು ನೋಡಿಕೊಳ್ಳುತ್ತೇವೆ, ಹದಿನೈದು ದಿನದೊಳಗೆ ಉತ್ತರ ಬರೆಯಿರಿ ಎಂದಿತ್ತು ಮೊದಲನೆಯದು. ನಿಮ್ಮಿಂದ ಉತ್ತರ ಬರಲಿಲ್ಲ, ಆ ಜಾಗವನ್ನು ಬೇರೆಯವರಿಗೆ ಕೊಟ್ಟೆವು, ಕ್ಷಮಿಸಿ ಎಂದಿತ್ತು ಎರಡನೆಯದು.

ತಾರೀಖು ಓದಿಸಿದೆ. ಬಟ್ಟೆ ಬಂದ ದಿನ, ಹೋದ ದಿನ ಬರೆದಿಡುವುದೂ ಅಳತೆ ಪುಸ್ತಕದಲ್ಲೇ, ಅದನ್ನು ತೆಗೆದು ನೋಡಿದೆ. ಎರಡೂ ಪತ್ರ ಬಂದಾಗ ಬಿಳಿ ಅಂಗಿ ನನ್ನ ಅಂಗಡಿಯಲ್ಲಿ, ಕುಪ್ಪಸಗಳ ರಾಶಿಯ ಕೆಳಗೆ ಇತ್ತು.

ಆ ಹದಿನೈದು ದಿನ ನಾನು ಬೇರೆ ಯಾರ ಬಟ್ಟೆಯನ್ನೂ ಮುಟ್ಟಲಿಲ್ಲ. ನಾಲ್ಕು ಅಂಗಿಗೆ ಕೌದಿ ಸಣ್ಣದಾಗುತ್ತದೆ ಎಂದು ನನ್ನ ಹಳೆಯ ಇಳಕಲ್ ಸೀರೆಯನ್ನು ಒಳಗೆ ಹಾಕಿದೆ. ಮಿಷಿನ್ನಿಗೆ ಹಾಕದೆ ಕೈಯಲ್ಲೇ ಹೊಲಿದೆ. ಗುರುವಾರಕ್ಕೆ ಮುಗಿಯಿತು. ಹೇಳಿದ ದಿನಕ್ಕಿಂತ ಮೊದಲು ಕೆಲಸ ಮುಗಿಸಿದ್ದು ನನ್ನ ಜನ್ಮದಲ್ಲಿ ಅದೇ ಮೊದಲು. ಮಡಚಿ ಮೇಜಿನ ಕೆಳಗಿಟ್ಟು, ಅವನು ಬಂದಾಗ ಹೇಗೆ ಬಾಯಿ ತೆರೆಯಬೇಕು ಎಂದು ಯೋಚಿಸುತ್ತ ಕೂತೆ. "ನಿನ್ನ ಬದುಕು ನನ್ನ ನಾಳೆಯಾಗ ಹೋತಪ್ಪ" ಅಂತಲೇ? "ಯಾಕ ಹೇಳಲಿಲ್ಲ ನನಗ" ಅಂತ ಅವನನ್ನೇ ಬೈಯಲೇ?

ಐತವಾರ ಬಂದ. ಕಂಪನಿಯ ನೀಲಿ ಅಂಗಿ, ಭುಜ ಕೆಳಗೆ ಜಾರಿತ್ತು, ಕೊರಳಲ್ಲಿ ಇನ್ನೊಂದು ಕೊರಳು ಹಿಡಿಯುವಷ್ಟು ಜಾಗ. ನೀರು ಕುಡಿದು, "ಕೌದಿ ಆತೇನಕ್ಕ? ಗುಡ್ಡದಾಗ ಥಂಡಿ ಭಾಳ ಐತಿ," ಎಂದ. ಕೌದಿ ನನ್ನ ಕಾಲಿಗೆ ತಾಗುತ್ತಿತ್ತು. ಕೊಟ್ಟರೆ ತೆಗೆದುಕೊಂಡು ಹೋಗಿಬಿಡುತ್ತಾನೆ, ಹೇಳಬೇಕಾದ್ದು ನನ್ನಲ್ಲೇ ಉಳಿಯುತ್ತದೆ. ಆ ಹೊತ್ತಿಗೆ ಹೇಳುವ ಧೈರ್ಯ ಬರಲಿಲ್ಲ. ಇನ್ನೊಂದು ಸಲ ಬರಲಿ, ಅಷ್ಟರಲ್ಲಿ ಗಟ್ಟಿಯಾಗುತ್ತೇನೆ ಅನ್ನಿಸಿತು.

"ನಾಳೆ ಬಾ," ಎಂದೆ.

ಬಿದ್ದು ಬಿದ್ದು ನಕ್ಕ. "ನೀವು ಬದಲಾಗಬ್ಯಾಡ್ರಿ ಅಕ್ಕ. ಮುಂದಿನ ಐತವಾರ ಬರ್ತೀನಿ," ಎಂದು ಬಸ್ಸಿಗೆ ಹೋದ.

ಮುಂದಿನ ಐತವಾರಕ್ಕೆ ಅವನು ಇರಲಿಲ್ಲ. ಬುಧವಾರ ಕೆಲಸಕ್ಕೆ ಹೋಗಲಿಲ್ಲವೆಂದು ತಂಗಿ ಕೋಣೆಗೆ ಹೋಗಿ ನೋಡಿದರೆ ಮೈಮೇಲೆ ಎಚ್ಚರವಿರಲಿಲ್ಲ. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಹೋಗಿಬಿಟ್ಟ. ಸಕ್ಕರೆ ಕಾಯಿಲೆ ಬಹಳ ದಿನದಿಂದ ಇತ್ತು, ಯಾರಿಗೂ ಗೊತ್ತೇ ಆಗಿಲ್ಲ ಎಂದರಂತೆ ಡಾಕ್ಟರು. ನನ್ನ ಅಳತೆ ಪುಸ್ತಕಕ್ಕೆ ಗೊತ್ತಿತ್ತು. ನಾನು ಓದಿಕೊಳ್ಳಲಿಲ್ಲ.

ಕಾರ್ಯ ಮುಗಿಸಿ ಅವನ ತಂಗಿ ಮೇಲಿನ ಕೋಣೆ ಖಾಲಿ ಮಾಡಲು ಬಂದಳು. ಸಾಮಾನೆಲ್ಲ ಇಳಿಸಿ, ಬೀಗದ ಕೈ ಮನೆಯ ಮಾಲೀಕರಿಗೆ ಕೊಟ್ಟು, ನನ್ನ ಹೊಸ್ತಿಲಲ್ಲಿ ನಿಂತಳು. "ಅಣ್ಣಂದು ನಿಮ್ಮ ಹತ್ರ ಏನರ ಐತೇನ್ರಿ?" ಎಂದಳು. ಕೌದಿ ತೆಗೆದು ಕೊಟ್ಟೆ. ಕೂತು ತೊಡೆಯ ಮೇಲೆ ಹರಡಿಕೊಂಡು ಹಸಿರು, ಕರಿ, ಹಳದಿ, ಬಿಳಿ ಒಂದೊಂದನ್ನೇ ಸವರಿದಳು. ಬಿಳಿಯ ಪಟ್ಟಿಯ ಮೇಲೆ ಕೈ ನಿಲ್ಲಿಸಿ, "ಥಂಡಿ ಅಂತ ದಿನಾ ಅಂತಿದ್ದ. ನಂದೊಂದು ಚಾದರ ಒಯ್ಯಿ ಅಂದ್ರ ಬ್ಯಾಡ, ಅಕ್ಕ ಕೌದಿ ಹೊಲಿಯಾಕ ಹತ್ಯಾಳ, ಬರ್ತೈತಿ ಅಂತಿದ್ದ," ಎಂದಳು. ಆಮೇಲೆ ಸುಮ್ಮನೆ, ಮಾತಿಗೆಂದು ಕೇಳಿದಳು: "ಇದು ಯಾವತ್ತು ಮುಗಿತ್ರಿ?"

ಬಾಯಿಗೆ ಒಂದು ಸುಳ್ಳು ಸಲೀಸಾಗಿ ಬಂದು ನಿಂತಿತ್ತು. ಅದನ್ನು ನುಂಗಿದೆ.

"ಅಂವ ಕೇಳಾಕ ಬರೋಕಿಂತ ಮೂರು ದಿನ ಮೊದಲ," ಎಂದೆ.