ಕಪ್ಪೆಯ ರೆಕಾರ್ಡಿಂಗಿನಲ್ಲಿ ನನ್ನ ಸ್ವರ

"ಅಂಕಲ್, ಕಪ್ಪೆಗಳ ಜೊತೆ ನೀವೂ ಬಂದಿದ್ದೀರಿ" ಎಂದಳು ಶ್ರಾವ್ಯಾ. ಎಲ್ಲಿಗೆ? ಅವಳ ಲ್ಯಾಪ್‌ಟಾಪಿನೊಳಗೆ.

ವಿಷಯ ಹೀಗೆ. ಕಾಪುವಿನಲ್ಲಿ ನಮ್ಮ ಮನೆಯ ಹಿಂದೆ ಒಂದು ತಗ್ಗು ಗದ್ದೆ ಉಂಟು. ಬೇಸಾಯ ಬಿಟ್ಟು ವರ್ಷಗಳಾದವು. ಮಳೆ ನಿಂತರೂ ನೀರು ಬೇಗ ಇಳಿಯುವುದಿಲ್ಲ. ಹುಲ್ಲು, ಕೆಸರು, ಕಪ್ಪೆ. ನನ್ನ ಲೆಕ್ಕದಲ್ಲಿ ವೇಸ್ಟ್ ಜಾಗ. ಶ್ರಾವ್ಯಾಳ ಲೆಕ್ಕದಲ್ಲಿ ವೆಟ್‌ಲ್ಯಾಂಡ್.

ಕಾರ್ಕಳದ ಹುಡುಗಿ, ಮಣಿಪಾಲದಲ್ಲಿ ರಿಸರ್ಚ್ ಮಾಡುತ್ತಾಳೆ. ಇಂಥ ಜಾಗ ಬದುಕಿದೆಯೋ ಸತ್ತಿದೆಯೋ ಎಂದು ಕಪ್ಪೆಯ ಕೂಗಿನಿಂದ ಹೇಳಬಹುದಂತೆ. ಅಲ್ಲಿ ನಿಂತ ನೀರೇ ಸುತ್ತಲಿನ ಬಾವಿಗಳಿಗೆ ಇಳಿಯುವುದಂತೆ. ಹೂಳು ತುಂಬಿದ ತೋಡು ಬಿಡಿಸಿ ಜಾಗವನ್ನು ಮೊದಲಿನಂತೆ ಮಾಡಬೇಕು, ಅದಕ್ಕೆ ಮುಂಚೆ ಕೂಗು ರೆಕಾರ್ಡ್ ಆಗಬೇಕು, ಪರ್ಮಿಷನ್ ಕೊಡಿ ಎಂದಳು.

ಕೊಟ್ಟೆ. ("ಗದ್ದೆ ನಿಮ್ಮದೇ ಅಂತ ತಿಳ್ಕೊಳ್ಳಿ" ಎಂದೂ ಹೇಳಿದೆ. ಬಂದವರಿಗೆ ಹಾಗೆ ಹೇಳುವುದು ನಮ್ಮ ಕಡೆಯ ಮರ್ಯಾದೆ.) ಬದುವಿನ ಮೇಲಿನ ಹೊನ್ನೆ ಮರಕ್ಕೆ ಟಿಫಿನ್ ಬಾಕ್ಸಿನಷ್ಟು ದೊಡ್ಡ ಪೆಟ್ಟಿಗೆಯೊಂದನ್ನು ಕಟ್ಟಿ ಹೋದಳು.

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಗಾರೆ ಕಲಸುವಲ್ಲಿಂದ ಶುರು ಮಾಡಿ ಇವತ್ತು ಕಂಟ್ರಾಕ್ಟರ್. ನಾನು ಹಾಕಿದ ಸ್ಲ್ಯಾಬ್ ಒಂದೂ ಸೋರುವುದಿಲ್ಲ, ಬೇಕಾದರೆ ಆಷಾಢದಲ್ಲಿ ಬಂದು ನೋಡಿ. ಸುಮ್ಮನೆ ಮರದಲ್ಲಿ ನೇತಾಡುವುದೂ ಒಂದು ಕೆಲಸ ಎಂದು ನಂಬುವುದು ಹೇಗೆ? ಪೆಟ್ಟಿಗೆಯನ್ನು ಮರೆತೇಬಿಟ್ಟೆ.

ಎಡವಿದ್ದು ಅಲ್ಲೇ. ನಮ್ಮ ವಠಾರದಲ್ಲಿ ಮೊಬೈಲಿಗೆ ರೇಂಜ್ ಸಿಗುವುದು ಆ ಮರದ ಬುಡದಲ್ಲಿ ಮಾತ್ರ. ಸಂಜೆಯಾದರೆ ಅಲ್ಲಿ ಕ್ಯೂ. ನೆರೆಮನೆಯ ಬೇಬಿಯಕ್ಕ ದುಬೈಯ ಮಗಳಿಗೆ ಸೊಸೆಯ ದೂರು ಹೇಳುವುದು ಅಲ್ಲಿಂದ. ನಾನು ಟಿಪ್ಪರಿನ ಸದಾನಂದನಿಗೆ ಫೋನ್ ಮಾಡಿದ್ದೂ ಅಲ್ಲಿಂದಲೇ.

ಮೊನ್ನೆ ಶ್ರಾವ್ಯಾ ನಮ್ಮ ಜಗಲಿಯಲ್ಲಿ ಕೂತು ಪೆಟ್ಟಿಗೆಯಲ್ಲಿ ರೆಕಾರ್ಡ್ ಆದದ್ದನ್ನು ಪ್ಲೇ ಮಾಡಿದಳು. ವಟರ್ ವಟರ್. ಟಿಕ್ ಟಿಕ್. ನಡುವೆ ತುಳುವಿನಲ್ಲಿ ನನ್ನ ಸ್ವರ: "ಆ ಹುಡುಗಿ ಕಪ್ಪೆ ಎಣಿಸಿ ಹೋಗಲಿ ಮಾರಾಯ. ಮಳೆ ಬಿಟ್ಟ ಕೂಡಲೇ ಅಜೆಕಾರಿನಿಂದ ಕೆಂಪು ಮಣ್ಣು ತಂದು ಸುರಿ. ಸ್ಲ್ಯಾಬಿನ ಸೆಂಟ್ರಿಂಗ್ ಶೀಟ್ ಇಡ್ಲಿಕ್ಕೆ ನನಗೆ ಜಾಗ ಬೇಕು. ಅವಳಿಗೆ ಎಂತಾದ್ರೂ ಹೇಳುವ."

(ಘಟ್ಟದ ಮೇಲಿನವಳಾಗಿದ್ದರೆ ತುಳು ತಿಳಿಯುತ್ತಿರಲಿಲ್ಲ. ಕಾರ್ಕಳದವಳು. ನನ್ನ ಗ್ರಹಚಾರ.)

"ಎಂತ ಹೇಳ್ತೀರಿ ಅಂಕಲ್, ನನಗೆ?" ಎಂದಳು. ಸ್ವರದಲ್ಲಿ ಕೋಪವಿಲ್ಲ. ಅದೇ ಕಷ್ಟ.

ಚಹಾ ತಂದ ನನ್ನ ಹೆಂಡತಿ ಸುಮತಿ ಅಲ್ಲೇ ನಿಂತಳು. "ಹೇಳಿ, ಹೇಳಿ. ನಾನೂ ಕೇಳ್ತೇನೆ."

ನಾನೇ ತಿರುಗಿ ಜೋರು ಮಾಡಿದೆ. "ಕಪ್ಪೆಯದ್ದು ಅಂತ ಹೇಳಿ ಮನುಷ್ಯರದ್ದು ರೆಕಾರ್ಡ್ ಮಾಡಿದ್ದು ಸರಿಯಾ?"

"ಮನುಷ್ಯರದ್ದು ಎಲ್ಲ ಅಳಿಸ್ತೇನೆ ಅಂಕಲ್. ಬೇಬಿ ಆಂಟಿಯದ್ದು ಆಗಲೇ ಹೋಯ್ತು. ಆದ್ರೆ ನೀವು ಬಂದದ್ದನ್ನು ರಿಪೋರ್ಟಿನಿಂದ ಬಿಡ್ಲಿಕ್ಕೆ ಆಗುದಿಲ್ಲ."

ಸ್ಕ್ರೀನ್ ತೋರಿಸಿದಳು. ಕಪ್ಪೆಯ ಕೂಗೆಲ್ಲ ಜಡಿಮಳೆಯ ಹಾಗೆ ಗೀಟು ಗೀಟು. ನನ್ನ ಮಾತಿನ ಸುತ್ತ ಮಾತ್ರ ಖಾಲಿ.

"ಬೇಬಿ ಆಂಟಿ ಎಷ್ಟು ಮಾತಾಡಿದ್ರೂ ಇವು ಕೂಗು ನಿಲ್ಲಿಸುದಿಲ್ಲ. ನೀವು ಬಾಯಿ ತೆಗೆದ ಕೂಡಲೇ ಎಲ್ಲ ಗಪ್‌ಚುಪ್. ನೀವು ಹೋಗುವವರೆಗೂ. ಯಾಕೆ ಕೂಗಿಲ್ಲ ಅಂತ ನಾನು ಬರೀಬೇಕಲ್ವಾ?"

"ಎಂತ ಅಂತ ಬರೀತೀರಿ?"

"ಡಿಸ್ಟರ್ಬೆನ್ಸ್."

ಸುಮತಿ ನಗುತ್ತಾ ಚಹಾದ ಲೋಟ ಕೆಳಗಿಟ್ಟಳು. ನಾನು ನಗಲಿಲ್ಲ, ಆ ಖಾಲಿ ಜಾಗವನ್ನೇ ನೋಡುತ್ತಿದ್ದೆ. ಸೈಟಿನಲ್ಲಿ ನಾನು ಎಷ್ಟು ಕಿರುಚಿದರೂ ಮಿಕ್ಸರ್ ನಿಲ್ಲುವುದಿಲ್ಲ. ಮನೆಯಲ್ಲಿ ನಾನು ಮಾತು ತೆಗೆದರೆ ಟಿವಿಯ ಸೌಂಡ್ ಏರುತ್ತದೆ. ಗ್ರಾಮಸಭೆಯಲ್ಲಿ ಎದ್ದು ನಿಂತರೆ ಮೈಕು ಪಕ್ಕದವನ ಕೈಗೆ ಹೋಗುತ್ತದೆ. ಇಲ್ಲಿ ನೋಡಿದರೆ ಒಂದಿಡೀ ಗದ್ದೆ!

ಸಂಜೆ ಸದಾನಂದನಿಗೆ ಫೋನ್ ಮಾಡಿದೆ. (ಮತ್ತೆಲ್ಲಿಂದ? ಅದೇ ಮರದ ಬುಡದಿಂದ.)

"ಮಣ್ಣು ಬೇಡ ಮಾರಾಯ. ಶೀಟು ಅಂಗಳದಲ್ಲೇ ಇರಲಿ."

"ಎಂತಾಯ್ತು ನಿಮಗೆ?"

"ಎಂತ ಆಗ್ಲಿಲ್ಲ."

ಸುತ್ತಲೂ ಒಂದೇ ಒಂದು ಕಪ್ಪೆ ಉಸಿರೆತ್ತಲಿಲ್ಲ.

ಇಷ್ಟು ಮರ್ಯಾದೆಯಿಂದ ಕೂತು ಕೇಳುವವರ ತಲೆಯ ಮೇಲೆ ಯಾರಾದರೂ ಮಣ್ಣು ಸುರಿಯುತ್ತಾರೆಯೇ?