ಮೂರು ತೇಪೆಯ ದೋಣಿ

ಕುರಿ ಕಾಯುವ ಹೆಂಗಸು ದೋಣಿ ಕೊಳ್ಳಬಾರದೆಂದು ಯಾವ ಶಾಸ್ತ್ರದಲ್ಲೂ ಬರೆದಿಲ್ಲ. ಆದರೂ ಕಾಟಮ್ಮ ದೋಣಿ ತರುತ್ತೇನೆ ಎಂದ ದಿನ ಇಡೀ ಗೊಲ್ಲರಹಟ್ಟಿ ಹೊಟ್ಟೆ ಹಿಡಿದುಕೊಂಡು ನಕ್ಕಿತು. ನಗಲಿ. ಅವರು ನಕ್ಕರೆ ಕುರಿಯ ಹೊಟ್ಟೆಯೇನೂ ತುಂಬುವುದಿಲ್ಲವಲ್ಲ.

ಆ ವರ್ಷ ಮಾರಿಕಣಿವೆ ಜಲಾಶಯ ತುಂಬಿ ಕೋಡಿ ಬಿತ್ತು. ಜಿಲ್ಲೆಗೆಲ್ಲ ಹಬ್ಬವೋ ಹಬ್ಬ. ದುರ್ಗದಿಂದ, ಐಮಂಗಲದಿಂದ ಜನ ಬೈಕು ಟೆಂಪೋ ಹತ್ತಿ ನೀರು ನೋಡಲು ಬಂದರು. ಹೊಸದುರ್ಗದ ಕಡೆಯ ಹಿನ್ನೀರಿನ ದಂಡೆಯಲ್ಲಿದ್ದ ಕಾಟಮ್ಮನಿಗೆ ಮಾತ್ರ ಆ ನೀರೇ ಮುಳುವಾಯಿತು. ಅವಳ ಅರವತ್ತು ಕುರಿ ಮೇಯುತ್ತಿದ್ದ ಗುಡ್ಡದ ಸುತ್ತ ನೀರು ನಿಂತು, ಹುಲ್ಲು ಆ ಕಡೆ, ಕುರಿ ಈ ಕಡೆ ಆಯಿತು. ಮೀನು ಹಿಡಿಯುವವರು ತಮ್ಮ ತೆಪ್ಪಕ್ಕೆ ಕುರಿ ಹತ್ತಿಸಲು ಸುತರಾಂ ಒಪ್ಪಲಿಲ್ಲ.

ಗಂಡ ತೀರಿಕೊಂಡ ಮೇಲೆ ಹನ್ನೊಂದು ವರ್ಷ ಆ ಮಂದೆಯನ್ನು ಬಿಸಿಲು ಮಳೆ ಎನ್ನದೆ ಕಾಪಾಡಿದವಳು ಅವಳೇ. ಆದರೆ ಅದರಲ್ಲಿ ಮೈದುನ ರಂಗೇಶನಿಗೂ ಪಾಲಿತ್ತು. ಹಿರಿಯೂರಿನಲ್ಲಿ ಟೈರಿನ ಅಂಗಡಿ ಹಾಕುವ ಕನಸು ಕಾಣುತ್ತಿದ್ದ ಅವನಿಗೆ ಇದು ಒಳ್ಳೆಯ ನೆಪವಾಯಿತು. ಹಟ್ಟಿಯ ಹಿರಿಯರನ್ನು ಕೂರಿಸಿ, ಮೇವಿಲ್ಲದ ಮಂದೆಯನ್ನು ದಲ್ಲಾಳಿಗೆ ಕೊಟ್ಟುಬಿಡೋಣ ಎಂದ. ಹಿರಿಯರು ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ ಮಾತಾಡಿದರು. ಅಮಾವಾಸ್ಯೆಯ ಮಾರನೆಯ ದಿನದೊಳಗೆ ಕಾಟಮ್ಮ ಮೇವು ತೋರಿಸಿದರೆ ಮಂದೆ ಉಳಿಯಲಿ, ಇಲ್ಲವಾದರೆ ದಲ್ಲಾಳಿಯ ಲಾರಿ ಬರಲಿ ಎಂದರು. ಉಳಿದದ್ದು ಹನ್ನೆರಡೇ ದಿನ.

ಕಾಟಮ್ಮ ಅಳುವ ಪೈಕಿಯಲ್ಲ. ತನ್ನ ಸ್ವಂತದ ಎರಡು ಟಗರು ಮಾರಿ, ದುಡ್ಡನ್ನು ಸೆರಗಿಗೆ ಗಂಟು ಹಾಕಿಕೊಂಡು, ಹಳೆಯ ದೋಣಿಗಳ ವ್ಯಾಪಾರಿ ತಿಪ್ಪೇಶನ ಹತ್ತಿರ ಹೋದಳು. ನೀರಿನ ಪಕ್ಕದಲ್ಲೇ ಅವನ ಶೆಡ್ಡು. ಹೊರಗೆ ಎರಡು ಫೈಬರ್ ದೋಣಿ ಬಿದ್ದಿದ್ದವು. ಒಂದಕ್ಕೆ ಆಗತಾನೇ ನೀಲಿ ಬಣ್ಣ ಬಳಿದು ಮದುವಣಗಿತ್ತಿಯಂತೆ ಸಿಂಗರಿಸಿದ್ದ. ಇನ್ನೊಂದು ಸ್ವಲ್ಪ ಉದ್ದ, ಬಣ್ಣ ಹೋಗಿ ಮಸಿಯಾಗಿತ್ತು, ತಳದಲ್ಲಿ ಮೂರು ತೇಪೆ. ತಿಪ್ಪೇಶ ನೀಲಿಯನ್ನೇ ಹೊಗಳಿದ. ಅವಳು ಕೇಳುವ ಮೊದಲೇ ಬೆಲೆಯನ್ನೂ ಇಳಿಸಿದ. ಅಲ್ಲಿಗೇ ಕಾಟಮ್ಮನ ಕಿವಿ ನೆಟ್ಟಗಾಯಿತು.

ಹೊಸದಾಗಿ ಮದುವೆಯಾಗಿದ್ದಾಗ ಅವಳು ಸಂತೆಯಲ್ಲಿ ಒಮ್ಮೆ ಮೋಸ ಹೋಗಿದ್ದಳು. ವ್ಯಾಪಾರಿ ಟಗರಿಗೆ ಉಪ್ಪು ನೆಕ್ಕಿಸಿ, ಹೊಟ್ಟೆ ಬಿರಿಯುವಷ್ಟು ನೀರು ಕುಡಿಸಿ ನಿಲ್ಲಿಸಿದ್ದ. ಬೆಳಗಾಗುವಷ್ಟರಲ್ಲಿ ಕೊಟ್ಟಿಗೆಯೆಲ್ಲ ಒದ್ದೆ, ಟಗರು ಬಡಕಲು. ಅತ್ತೆ ಬೋರಕ್ಕ ಬೈದ ಬೈಗುಳ ಅವಳಿಗೆ ಇನ್ನೂ ನೆನಪಿದೆ. ಅಂದಿನಿಂದ ಕಣ್ಣಿಗೆ ಕಂಡದ್ದನ್ನು ಕೈ ಒಪ್ಪುವ ತನಕ ಅವಳು ಕೊಂಡದ್ದಿಲ್ಲ.

ಹಾಗಾಗಿ ದೋಣಿಯ ಬಣ್ಣವನ್ನು ಅವಳು ನೋಡಲೇ ಇಲ್ಲ. ಕುರಿಯ ಬೆನ್ನು ಅಮುಕುವಂತೆ ತಳವನ್ನು ತುದಿಯಿಂದ ತುದಿಗೆ ಅಮುಕಿದಳು, ಬೆರಳ ಗೆಣ್ಣಿನಿಂದ ತಟ್ಟಿದಳು. ಮಸಿ ದೋಣಿ ಠಣ್ ಠಣ್ ಎಂದಿತು. ನೀಲಿಯದು ನಡುಭಾಗದಲ್ಲಿ ದಬ್ ದಬ್. ಅಲ್ಲಿದ್ದ ನಾಲ್ವರನ್ನು ಕರೆದು ಎರಡನ್ನೂ ಎತ್ತಿಸಿದಳು. ಗಿಡ್ಡಗಿದ್ದ ನೀಲಿಯೇ ಹೆಚ್ಚು ಭಾರ.

“ಇದು ಎಷ್ಟು ದಿನದಿಂದ ದಂಡೆ ಮೇಲೈತೆ?” ಎಂದು ನೀಲಿ ದೋಣಿ ತೋರಿಸಿ ಕೇಳಿದಳು.

“ಹದಿನೈದು ದಿನ ಆತಕ್ಕ. ಒಣಗಿ ಗರಿಗರಿ ಆಗೈತೆ.”

“ಹಂಗಾರೆ ಸೀಟಿನ ಕೆಳಗಿನ ಆ ಸ್ಕ್ರೂ ಬಿಚ್ಚು.”

ತಿಪ್ಪೇಶ ಅದು ತುಕ್ಕು ಹಿಡಿದಿದೆ, ಇದು ಹೆಂಗಸರಿಗೆ ತಿಳಿಯುವ ವಿಷಯವಲ್ಲ ಎಂದು ಏನೇನೋ ಬಡಬಡಿಸಿದ. ಕಾಟಮ್ಮ ಕದಲಲಿಲ್ಲ. ಕೊನೆಗೆ ದೋಣಿ ಎತ್ತಿದವರಲ್ಲೊಬ್ಬ ತಾನೇ ಬಿಚ್ಚಿದ. ತಳದ ಎರಡು ಪದರಗಳ ನಡುವೆ ನಿಂತಿದ್ದ, ಕೊಳೆತ ಹಲಗೆಯ ವಾಸನೆಯ ನೀರು ತೂತಿನಿಂದ ಸಣ್ಣಗೆ ಸುರಿಯತೊಡಗಿತು, ಬೇಗ ನಿಲ್ಲಲೂ ಇಲ್ಲ.

“ನೀರು ಕುಡಿಸಿ ಮಾರಾದು ಕುರಿ ಸಂತೇಲಿ ಮಾತ್ರ ಅಂತ ತಿಳ್ಕಂಡಿದ್ದೆ” ಎಂದಳು ಕಾಟಮ್ಮ. ತೇಪೆಯ ದೋಣಿಯನ್ನು, ಎರಡು ಹುಟ್ಟು ಮತ್ತು ಒಂದು ಉದ್ದನೆಯ ಬಿದಿರು ಗಳುವನ್ನೂ ಸೇರಿಸಿ, ತಾನು ಹೇಳಿದ ಬೆಲೆಗೆ ತಂದಳು.

ಹಟ್ಟಿಯವರು ತೇಪೆ ಎಣಿಸಿ ಮತ್ತೆ ನಕ್ಕರು. ಹುಟ್ಟು ಹಾಕಲು ಕಲಿಯುವಾಗ ದೋಣಿ ನಾಲ್ಕು ದಿನ ನಿಂತಲ್ಲೇ ಗಾಣದೆತ್ತಿನಂತೆ ಸುತ್ತಿತು. ಐದನೆಯ ದಿನ ಆರು ಕುರಿ ಹತ್ತಿಸಿದಳು. ಕುರಿ ಕಾಯುವವಳ ಬುದ್ಧಿ, ದಾರಿ ಕಾಣಲೆಂದು ಮಂದೆಯ ಮುಂದಾಳು ಹೋತವನ್ನು ದೋಣಿಯ ಮೂತಿಯ ಕಡೆ ನಿಲ್ಲಿಸಿದಳು. ಅದು ಬಲಕ್ಕೆ ಬಗ್ಗಿ ನೀರು ಮೂಸಿದ್ದೇ ತಡ, ಆರೂ ಕುರಿ ಬಲಕ್ಕೇ ನುಗ್ಗಿದವು. ದೋಣಿ ವಾಲಿತು. ಕಾಟಮ್ಮನೂ ಎರಡು ಕುರಿಯೂ ನೀರಿಗೆ ಬಿದ್ದರು. ಕುರಿಗಳು ಹೇಗೋ ಈಜಿ ದಂಡೆ ಹತ್ತಿದವು. ದಂಡೆಯ ಮೇಲೆ ಕೂತಿದ್ದ ರಂಗೇಶ ಇನ್ನು ಲಾರಿಗೆ ಹೇಳುವುದೇ ಸರಿ ಎಂದು ಫೋನು ತೆಗೆದ. ಎದೆಮಟ್ಟದ ನೀರಿನಲ್ಲಿ ನಿಂತ ಅವಳಿಗೆ ಮೈಯೆಲ್ಲ ಉರಿದುಹೋಯಿತು. ಆದರೆ ದೋಣಿ ಮಗುಚಿರಲಿಲ್ಲ, ಒಂದು ತೇಪೆಯೂ ಬಿಟ್ಟಿರಲಿಲ್ಲ. ಅದನ್ನು ನೋಡಿದವಳು ಅವಳೊಬ್ಬಳೇ.

ಮಾರನೆಯ ದಿನದಿಂದ ಹೋತವನ್ನು ದೋಣಿಯ ನಟ್ಟನಡುವೆ ಬಿಗಿಯಾಗಿ ಕಟ್ಟಿದಳು. ಕುರಿಗಳು ಅದಕ್ಕೆ ಅಂಟಿಕೊಂಡು ಕದಲದೆ ನಿಂತವು. ಸಲಕ್ಕೆ ಆರರಂತೆ, ಯಾರಿಗೂ ಹೇಳದೆ ಕೇಳದೆ ದಾಟಿಸಿದಳು.

ಅಮಾವಾಸ್ಯೆಯ ಮಾರನೆಯ ಬೆಳಿಗ್ಗೆ ಲಾರಿ ಬಂತು. ಕುರಿ ಕೂಡುವ ರೊಪ್ಪದಲ್ಲಿ ಒಂದು ಮರಿಯೂ ಇರಲಿಲ್ಲ. ರಂಗೇಶ ದಲ್ಲಾಳಿಯನ್ನೂ ಹಿರಿಯರನ್ನೂ ಕರೆದುಕೊಂಡು ದಂಡೆಗೆ ಓಡಿದ. ಕೊನೆಯ ಆರು ಕುರಿಗಳೊಂದಿಗೆ ಕಾಟಮ್ಮ ನಡುನೀರಿನಲ್ಲಿದ್ದಳು. ಆಚೆ ಗುಡ್ಡದ ತುಂಬ ಕುರಿಗಳು ತಲೆ ಎತ್ತದೆ ಮೇಯುತ್ತಿದ್ದವು.

“ಅತ್ತಿಗೆ, ಲಾರಿ ಬಂದೈತೆ, ಈ ಕಡಿಗೆ ಬಾ” ಎಂದು ಅವನು ಕೂಗಿದ.

ಕಾಟಮ್ಮ ಗಳು ಊರಿ ದೋಣಿ ನಿಲ್ಲಿಸಿದಳು.

“ಮೇವು ತೋರ್ಸು ಅಂದಿದ್ರಿ, ಅಗೋ ಐತೆ, ಹಿರೇರೆಲ್ಲ ಕಣ್ತುಂಬ ನೋಡ್ಕಳ್ರಿ. ರಂಗೇಶ, ನಿನಗೆ ಕುರಿ ಬೇಕಂದ್ರೆ ಮೊದ್ಲು ನೀನೂ ಒಂದು ದೋಣಿ ಕೊಂಡ್ಕಂಡು ಬಾ.”