ಅಡಿಗೆರೆಯಾದ ಹೆಸರುಗಳು

ಮೇಷ್ಟರ ಎಡಗೈ ಕಿರುಬೆರಳು ಅರ್ಧವೇ ಇತ್ತು. ಎಡಗೈಯೋ ಬಲಗೈಯೋ ಎಂದು ಈಗ ಅನುಮಾನ. ಆದರೆ ಆ ಮೋಟುಬೆರಳು ಕೀಲಿಮಣೆಯ ಮೇಲೆ ಓಡುವುದನ್ನು ಬೆರಗಾಗಿ ನೋಡುತ್ತಿದ್ದೆ ಎಂಬುದು ಸುಳ್ಳಲ್ಲ. ಕಲಬುರಗಿ ಕಡೆಯವರು. ಕುಷಾಯಿಗೂಡದ ಕಾರ್ಖಾನೆಯಿಂದ ನಿವೃತ್ತರಾಗಿ ಅಮೀರ್‌ಪೇಟ್‌ನ ಮೂರನೇ ಮಹಡಿಯಲ್ಲಿ ನಮಗೆ ಪ್ರೋಗ್ರಾಮಿಂಗ್ ಕಲಿಸುತ್ತಿದ್ದರು. ಪಾಠವೆಲ್ಲ ತೆಲುಗು, ಹಿಂದಿ. ನನ್ನನ್ನು ಬೈಯಲು ಮಾತ್ರ ಕನ್ನಡ.

ನನ್ನ ಮೊದಲ ಕೆಲಸ ಕೂಕಟ್‌ಪಲ್ಲಿಯ ಒಂದು ಸ್ಕ್ಯಾನಿಂಗ್ ಕೇಂದ್ರದ್ದು. ವರದಿಗಳು ರೋಗಿಗಳ ತೆಲುಗು ಹೆಸರಿನಲ್ಲೇ ಫೈಲಾಗಬೇಕಿತ್ತು. ಫೈಲ್ ತೆರೆಯಲು ಆಪರೇಟಿಂಗ್ ಸಿಸ್ಟಮ್ ಎರಡು ಫಂಕ್ಷನ್ ಕೊಡುತ್ತದೆ: ಯೂನಿಕೋಡ್‌ನ ಎಲ್ಲ ಲಿಪಿಗಳೂ ಹಿಡಿಸುವ ಅಗಲದ್ದು, ಇಂಗ್ಲಿಷಿನಂಥದ್ದಕ್ಕಷ್ಟೇ ಸಾಲುವ ಹಳೆಯ ಕಿರಿದು. ನಾನು ಕಿರಿದನ್ನು ಬಳಸಿದೆ. ತೆಲುಗು ಅಕ್ಷರಗಳೆಲ್ಲ ಪ್ರಶ್ನೆಚಿಹ್ನೆಗಳಾದವು. ಫೈಲಿನ ಹೆಸರಿನಲ್ಲಿ ಅವನ್ನು ಸಿಸ್ಟಮ್ ಒಪ್ಪಲಿಲ್ಲ. ಜಾಣತನ ಮಾಡಿ ಒಂದೊಂದನ್ನೂ ಅಡಿಗೆರೆ ( _ ) ಮಾಡಿದೆ. ಪ್ರೋಗ್ರಾಂ ಓಡಿತು.

ವಾರದೊಳಗೆ ವರದಿಗಳು ಕಾಣೆಯಾಗತೊಡಗಿದವು. ಮೇಷ್ಟರನ್ನು ಕರೆತಂದೆ. ನಿಂತೇ ಪರದೆ ನೋಡಿದರು.

"ಇಬ್ರ ಹೆಸರಿನ ಉದ್ದ ಒಂದೇ ಇದ್ರ ಏನಾಗ್ತೈತ್ರೀ, ಇಂಜಿನಿಯರ್ ಮೇಡಂ?"

ಅಡಿಗೆರೆಗಳೂ ಅಷ್ಟೇ, ಫೈಲಿನ ಹೆಸರೂ ಒಂದೇ. ಒಬ್ಬರ ವರದಿಯನ್ನು ಅಳಿಸಿ ಇನ್ನೊಬ್ಬರದು ಕೂತಿತ್ತು.

"ಬಾಗಿಲಾ ಸಣ್ಣದೈತಿ ಅಂತ ಮಂದೀನ್ನ ಕತ್ತರಿಸಿ ಒಳಗ ಕಳಿಸೀರಲ್ರೀ!"

ಕೋಡ್ ತಿದ್ದುತ್ತಾರೆಂದುಕೊಂಡೆ. ಅವರು ಕೇಳಿದ್ದು ರೋಗಿಗಳ ರಿಜಿಸ್ಟರ್. "ಕೋಡ್ ಎಲ್ಲೂ ಓಡಿ ಹೋಗಂಗಿಲ್ಲ. ಮೊದ್ಲ ಮಂದೀನ್ನ ಹುಡುಕೋಣು."

ಒತ್ತು, ಗುಣಿತಗಳ ಸಮೇತ ಹೆಸರುಗಳ ಉದ್ದವನ್ನು ಮನಸ್ಸಿನಲ್ಲೇ ಎಣಿಸುತ್ತ, ವರದಿ ಅಳಿಸಿಹೋದ ಹನ್ನೊಂದು ಜನರನ್ನು ಗುರುತಿಸಿದರು. ಒಮ್ಮೆಯೂ ತಡವರಿಸಲಿಲ್ಲ ಎಂದು ನನ್ನ ನೆನಪು. ನೆನಪು ಅವರನ್ನು ದೊಡ್ಡವರನ್ನಾಗಿ ಮಾಡುತ್ತಿರಬಹುದು. ಹನ್ನೊಂದು ಹೆಸರುಗಳ ಆ ಚೀಟಿ ಮಾತ್ರ ನನ್ನ ಹತ್ತಿರ ಇದೆ.

"ಫೋನ್ ನೀವ ಹಚ್ರಿ. 'ತಪ್ಪು ನಂದು' ಅಂತ ನಿಮ್ಮ ಬಾಯಿಲೇ ಹೇಳ್ರಿ."

ನಾನು ಎಲ್ಲರಿಗೂ "ಕಂಪ್ಯೂಟರ್ ಕೆಟ್ಟಿತ್ತು, ಮತ್ತೊಮ್ಮೆ ಬನ್ನಿ" ಎಂದೆ. ಮೇಷ್ಟರು ನನ್ನ ಮುಖ ನೋಡಿದರು.

ಹನ್ನೊಂದರಲ್ಲಿ ಒಬ್ಬರು ಹಾಸ್ಟೆಲಿನ ಅಡುಗೆಯಾಕೆ. ತಮ್ಮದೆಂದು ಸಿಕ್ಕ ಬೇರೆಯವರ "ಏನೂ ಇಲ್ಲ" ಎಂಬ ವರದಿ ಹಿಡಿದು ನೆಮ್ಮದಿಯಾಗಿದ್ದರು. ಮತ್ತೆ ಸ್ಕ್ಯಾನ್ ಮಾಡಿದರೆ ಗಡ್ಡೆ. ಸಕಾಲಕ್ಕೆ ಆಪರೇಷನ್ ಆಯಿತು.

ಪ್ರತಿ ವರ್ಷ ತಪಾಸಣೆಗೆ ಬಂದಾಗ, ಫೋನ್ ಮಾಡಿ ನಾನೇ ಉಳಿಸಿದೆನೆಂದು ಆಕೆ ನನ್ನ ಕೈ ಹಿಡಿದುಕೊಳ್ಳುತ್ತಿದ್ದರು. ನಾನು ಬಿಡಿಸಿಕೊಳ್ಳುತ್ತಿರಲಿಲ್ಲ. ಈ ವರ್ಷ ಮೇಷ್ಟರು ತೀರಿಕೊಂಡರು. ಮೊನ್ನೆ ಆಕೆ ಬಂದಾಗ ಹೇಳಿಬಿಟ್ಟೆ: ತಪ್ಪು ನನ್ನದು, ನಿಮ್ಮನ್ನು ಹುಡುಕಿದ್ದು ಅವರು.

ಆಕೆ ನನ್ನ ಕೈ ಬಿಟ್ಟರು. ತೆಲುಗಿನಲ್ಲಿ ಕೇಳಿದರು: "ನಾನು ಬದುಕಿದೆ ಅಂತ ಆ ಸಾರ್‌ಗೆ ಗೊತ್ತಿತ್ತಾ?"

ಮನೆಗೆ ಬಂದು ಆಕೆಯ ಆಪರೇಷನ್ ಆದ ವರ್ಷದ ದಿನಚರಿಯನ್ನು ಪುಟಪುಟವಾಗಿ ಹುಡುಕಿದೆ. ಮೇಷ್ಟರಿಗೆ ಹೇಳಿದ್ದೆ ಎಂದು ಎಲ್ಲಿಯೂ ಬರೆದಿಲ್ಲ.